ಹೊಳೆ ದಾಟಿಸುವ ಹಕ್ಕಿನ ಹನ್ನೆರಡು ಕಲ್ಲು

ಕೃಷ್ಣೆಯ ದಂಡೆಯಲ್ಲಿ ಒಂದು ಸಣ್ಣ ಮಠ. ಮಠದಲ್ಲಿ ಒಬ್ಬ ಗುರು. ಜನ ಅವರನ್ನು ಲೆಕ್ಕದ ಅಜ್ಜಾರು ಎಂದು ಕರೆಯುತ್ತಿದ್ದರು.

ಪೂರ್ವಾಶ್ರಮದಲ್ಲಿ ಅವರು ಹುಬ್ಬಳ್ಳಿಯ ಕಂಪನಿಗಳ ಲೆಕ್ಕ ತಪಾಸಣೆ ಮಾಡುತ್ತಿದ್ದರಂತೆ. ಯಾಕೆ ಬಿಟ್ಟು ಬಂದರೆಂದು ಯಾರೂ ಕೇಳಿರಲಿಲ್ಲ. ವರ್ಷದಲ್ಲಿ ಒಂದು ದಿನ ಮಾತ್ರ ಅವರು ಕೋಣೆಯ ಬಾಗಿಲು ಹಾಕಿಕೊಂಡು ಮಧ್ಯಾಹ್ನದವರೆಗೆ ಹೊರಗೆ ಬರುತ್ತಿರಲಿಲ್ಲ. ಅದೇಕೆಂದೂ ಯಾರೂ ಕೇಳಿರಲಿಲ್ಲ.

ಅವರ ಶಿಷ್ಯೆ ಕಾಶೀಬಾಯಿ. ಬಿ.ಕಾಂ. ಮುಗಿಸಿದವಳು, ಅಂಬಿಗರ ದ್ಯಾಮಣ್ಣನ ಹೆಂಡತಿ. ಓದಿದ್ದನ್ನು ಬಳಸುವುದು ಹೇಗೆಂದು ಕಲಿಯಲು ಮಠಕ್ಕೆ ಬಂದವಳು ಹಾಗೇ ಶಿಷ್ಯೆಯಾಗಿ ಉಳಿದುಕೊಂಡಳು. ಎಲ್ಲರಿಗೂ ಅವಳು ಕಾಶವ್ವ.

ಆ ವರ್ಷ ಎರಡೂ ದಡದ ಜನ ಸೇರಿ ಒಂದು ಕಂಪನಿ ಮಾಡಿದರು. ಒಬ್ಬೊಬ್ಬರು ಕೈಲಾದಷ್ಟು ಶೇರು ಹಾಕಿದರು. ಆ ಹಣದಲ್ಲಿ ಹನ್ನೆರಡು ಲಕ್ಷ ಕಟ್ಟಿ, ಹನ್ನೆರಡು ವರ್ಷ ಹೊಳೆ ದಾಟಿಸುವ ಹಕ್ಕನ್ನು ಸರಕಾರದಿಂದ ಕೊಂಡರು. ಮಿಕ್ಕಿದ್ದರಲ್ಲಿ ಮರ ತಂದರು. ದೋಣಿಯನ್ನು ದ್ಯಾಮಣ್ಣ ತಾನೇ ಕಟ್ಟಿದ. ಲೆಕ್ಕ ಬರೆಯುವ ಕೆಲಸ ಕಾಶವ್ವನಿಗೆ ಬಂತು. ಅಧ್ಯಕ್ಷರಾಗಿ ಕಿರಾಣಿ ಅಂಗಡಿಯ ರಾಚಪ್ಪನವರು ಕೂತರು.

ಮೊದಲ ವರ್ಷದ ಲೆಕ್ಕ ಮುಗಿಯಿತು. ಕೂಲಿ, ಡಾಂಬರು, ಮೊಳೆ, ಹಗ್ಗ ಎಲ್ಲ ಕಳೆದು ಒಂದು ಲಕ್ಷ ನಲವತ್ತು ಸಾವಿರ ಉಳಿದಿತ್ತು. ಅಷ್ಟೂ ಲಾಭ, ಹಂಚಿಬಿಡೋಣ ಎಂದರು ರಾಚಪ್ಪನವರು.

ಅಜ್ಜಾರು ಒಪ್ಪಲಿಲ್ಲ. ಅದರಲ್ಲಿ ಇನ್ನೂ ಒಂದು ಲಕ್ಷ ಕಳೆಯಬೇಕು, ಲಾಭ ನಲವತ್ತು ಸಾವಿರ ಮಾತ್ರ ಎಂದರು.

"ಒಂದು ಲಕ್ಷ ಈ ವರ್ಷ ಯಾರಿಗೆ ಕೊಟ್ಟೀವ್ರಿ ಅಜ್ಜಾರ?"

"ಯಾರಿಗೂ ಕೊಟ್ಟಿಲ್ಲ."

"ಮತ್ತ ಕಳಿಯೋದು ಯಾಕ್ರಿ?"

"ಸುಗ್ಗಿಯೊಳಗ ವರ್ಷದ ಜೋಳ ತಂದು ತುಂಬತೀಯಲ್ಲ ರಾಚಪ್ಪ, ಶ್ರಾವಣದಾಗ ರೊಟ್ಟಿ ತಿನ್ನುವಾಗ ರೊಕ್ಕ ಕೊಡತೀ ಏನು?"

"ಇಲ್ಲರಿ."

"ಹಂಗಂತ ಜೋಳ ಕಡಿಮಿ ಆಗಿಲ್ಲ ಅಂತೀಯೇನು? ಕೊಟ್ಟದ್ದು ಆಗ. ತಿಂದದ್ದು ಈಗ."

ರಾಚಪ್ಪನವರು ತಲೆ ಕೆರೆದುಕೊಂಡು, ಅಂಗಡಿಯ ಲೆಕ್ಕವೇ ಸುಖ ಎಂದು ಗೊಣಗುತ್ತ ಹೋದರು.

ಕಾಶವ್ವನ ಕಾಲೇಜಿನ ಪುಸ್ತಕದಲ್ಲಿ ಇದಕ್ಕೆ ಅಮಾರ್ಟೈಸೇಶನ್ ಎಂಬ ಹೆಸರಿತ್ತು. ಮೈಯಿಲ್ಲದ ಆಸ್ತಿ, ಅಂದರೆ ಹಕ್ಕು, ಪರವಾನಗಿ, ಇಂಥವಕ್ಕೆ ಒಮ್ಮೆಲೇ ಕೊಟ್ಟ ಬೆಲೆಯನ್ನು ಅವು ಬಾಳುವಷ್ಟು ವರ್ಷಗಳಿಗೆ ಹಂಚಿ, ಪ್ರತಿ ವರ್ಷದ ಗಳಿಕೆಯಲ್ಲಿ ಒಂದು ಪಾಲು ಕಳೆಯುವುದು. ಪರೀಕ್ಷೆಯಲ್ಲಿ ಅವಳು ಅದನ್ನು ಚೆನ್ನಾಗಿಯೇ ಬರೆದಿದ್ದಳು. ಆದರೆ ಶೇರು ಹಾಕಿದ ಜನಕ್ಕೆ ಅದನ್ನು ತಿಳಿಸುವುದು ಅವಳಿಂದ ಆಗಲಿಲ್ಲ. ಹಕ್ಕು ಸವೆಯುವುದು ಯಾರ ಕಣ್ಣಿಗೂ ಕಾಣುವುದಿಲ್ಲವಲ್ಲ.

ಅಜ್ಜಾರು ಹೊಳೆಯಿಂದ ಹನ್ನೆರಡು ಕಲ್ಲು ಆರಿಸಿ ತಂದರು. ಮಠದ ಜಗಲಿಯ ಮೇಲೆ ಎಲ್ಲರಿಗೂ ಕಾಣುವಂತೆ ಸಾಲಾಗಿ ಇಟ್ಟರು.

"ಇದು ನೀವು ಕೊಂಡ ಹಕ್ಕು," ಎಂದರು. "ವರ್ಷ ಮುಗಿದ ಮ್ಯಾಲೆ ಒಂದು ಕಲ್ಲು ಹೊಳಿಗೆ ಬಿಡ್ರಿ. ಜಗಲಿ ಮ್ಯಾಲೆ ಎಷ್ಟು ಉಳಿದಾವೋ ಅಷ್ಟು ನಿಮ್ಮದು."

ಅಂದಿನಿಂದ ಅದು ಪದ್ಧತಿಯಾಯಿತು. ಮಾರ್ಚ್ ತಿಂಗಳ ಕೊನೆಯ ದಿನ ಕಾಶವ್ವ ಲೆಕ್ಕಕ್ಕೆ ಗೆರೆ ಎಳೆದು, ಒಂದು ಕಲ್ಲು ತೆಗೆದುಕೊಂಡು ದೋಣಿ ಹತ್ತುವಳು. ದ್ಯಾಮಣ್ಣ ನಡುಹೊಳೆಗೆ ಒಯ್ದು ಹುಟ್ಟು ನಿಲ್ಲಿಸುವನು. ಅವಳು ಕಲ್ಲು ಬಿಡುವಳು. ಕಳೆದ ಲಕ್ಷ ಹಂಚಿಕೆಯಾಗದೆ ಬ್ಯಾಂಕಿನಲ್ಲಿ ಉಳಿಯುವುದು.

ಮೊದಲ ಕಲ್ಲು ಬಿಟ್ಟು ಬಂದ ದಿನ ಅವಳು ಅಜ್ಜಾರನ್ನು ಕೇಳಿದಳು. ಎಲ್ಲವನ್ನೂ ಹೀಗೆಯೇ ವರ್ಷ ವರ್ಷ ಕಳೆಯಬೇಕೇ?

"ಇಷ್ಟ ದಿನ ಬಾಳತೈತಿ ಅಂತ ಗೊತ್ತಿರೋದನ್ನ ಕಳೀಬೇಕು," ಎಂದರು ಅಜ್ಜಾರು. "ಎಂದ ಮುಗೀತೈತಿ ಅಂತ ಹೇಳಾಕ ಬಾರದ್ದನ್ನ ಕಳೀಬಾರದು. ವರ್ಷಕ್ಕೊಮ್ಮೆ ತಗದು ನೋಡಬೇಕು."

"ಅಂಥಾದ್ದು ನಮ್ಮ ಕಂಪನಿಯೊಳಗ ಏನೈತ್ರಿ?"

"ಏನೂ ಇಲ್ಲ. ನಿನ್ನ ಕಡೆ ಇನ್ನೂ ಬಂದಿಲ್ಲ."

ಅವಳಿಗೆ ತಿಳಿಯಲಿಲ್ಲ. ದೋಣಿಯನ್ನು ದಂಡೆಯ ಗೂಟಕ್ಕೆ ಬಿಗಿಯುತ್ತಿದ್ದ ದ್ಯಾಮಣ್ಣ ನಗುತ್ತ, ಅಜ್ಜಾರ ಮಾತು ತಿಳಿಯಬೇಕಾದರೆ ಬಿ.ಕಾಂ. ಸಾಲದು, ಇನ್ನೂ ಒಂದೆರಡು ಡಿಗ್ರಿ ಮಾಡು ಎಂದು ಹೇಳಿದ.

ದ್ಯಾಮಣ್ಣ ಎಲ್ಲದಕ್ಕೂ ನಗುವವನು. ಪ್ರತಿ ವರ್ಷ ಕಲ್ಲು ಮುಳುಗಿದ ಜಾಗವನ್ನು ನೋಡಿ ಅವನದು ಒಂದೇ ಮಾತು. ಊರಾಗ ಎಲ್ಲಾರೂ ಲಾಭ ಮನಿಗೆ ಒಯ್ತಾರ, ನನ್ನ ಹೇಣ್ತಿ ಮೀನಿಗೆ ಹಾಕತಾಳ. ಅವಳೂ ಸುಮ್ಮನಿರುತ್ತಿರಲಿಲ್ಲ. ಮೀನು ಹಿಡಿಯಲು ಬಾರದ ಅಂಬಿಗನನ್ನು ಕಟ್ಟಿಕೊಂಡ ಮೇಲೆ ಮೀನಿಗೇ ಹಾಕಬೇಕಲ್ಲವೇ ಎನ್ನುವಳು.

ಹೀಗೆ ಏಳು ಕಲ್ಲು ಹೋದವು. ಜಗಲಿಯ ಮೇಲೆ ಐದು ಉಳಿದವು.

ಎಂಟನೆಯ ವರ್ಷ ಶ್ರಾವಣದಲ್ಲಿ ಹೊಳೆ ಹೊಲಗಳಿಗೆ ನುಗ್ಗಿತು. ಕಬ್ಬಿನ ಹೊಲದಲ್ಲಿ ಸಿಕ್ಕಿಕೊಂಡವರನ್ನು ದ್ಯಾಮಣ್ಣ ಬೆಳಗಿನಿಂದ ಆಚೆ ದಡದ ಎತ್ತರಕ್ಕೆ ದಾಟಿಸಿದ. ಕೊನೆಯವರನ್ನೂ ಇಳಿಸಿ ಒಬ್ಬನೇ ಮರಳುವಾಗ ಹೊಳೆ ಅವನನ್ನು ಇಟ್ಟುಕೊಂಡಿತು.

ದೋಣಿ ಕೆಳಗಿನ ಊರಿನ ಜಾಲಿ ಕಂಟಿಯಲ್ಲಿ ಸಿಕ್ಕಿತು. ಅವನ ಹುಟ್ಟು ದೋಣಿಯೊಳಗೇ ಇತ್ತು. ದೋಣಿಗೆ ಏನೂ ಆಗಿರಲಿಲ್ಲ.

ಕಾಶವ್ವ ಹುಟ್ಟನ್ನು ಮನೆಗೆ ತಂದಳು. ದೋಣಿಯನ್ನು ದ್ಯಾಮಣ್ಣನ ಜೊತೆಗಾರ ಯಮನಪ್ಪ ಇನ್ನೊಬ್ಬ ಅಂಬಿಗನನ್ನು ಕೂಡಿಸಿಕೊಂಡು ನಡೆಸತೊಡಗಿದ. ಅವಳು ಲೆಕ್ಕ ಬರೆಯುತ್ತಿದ್ದಳು. ಅಂಕೆಗಳು ಮೊದಲಿನಷ್ಟೇ ದುಂಡಗಿದ್ದವು. ದೋಣಿ ಮಾತ್ರ ಹತ್ತಲಿಲ್ಲ.

ಆ ಚಳಿಗಾಲದಲ್ಲಿ ಹೊಳೆಯ ಮೇಲೆ ಸೇತುವೆ ಏರಿತು. ಎಷ್ಟೋ ವರ್ಷದಿಂದ ಅರ್ಧಕ್ಕೆ ನಿಂತಿದ್ದ ಕಂಬಗಳ ಕೆಲಸ ಒಮ್ಮೆಲೇ ಮತ್ತೆ ಶುರುವಾಯಿತು. ಯುಗಾದಿಗೆ ಓಡಾಟಕ್ಕೆ ಬಿಡುತ್ತಾರೆ ಎಂದು ಸುದ್ದಿಯಾಯಿತು. ಸೇತುವೆ ಬಂದರೆ ಹಕ್ಕಿನ ಹಣ ತಿರುಗಿ ಕೊಡುವುದಿಲ್ಲ ಎಂದು ಕರಾರಿನಲ್ಲಿ ಮೊದಲೇ ಇತ್ತು.

ರಾಚಪ್ಪನವರು ಎದೆಗುಂದಲಿಲ್ಲ. ಮೋಟಾರು ದೋಣಿ ತರೋಣ, ಹೊಸ ಶೇರು ಎತ್ತೋಣ ಎಂದು ಹೊರಟರು. ಆಚೆ ದಡದ ಮಹಿಳಾ ಸಂಘದವರು ಕೂಡಿಟ್ಟ ಹಣ ಹಾಕಲು ಮನಸ್ಸು ಮಾಡಿದ್ದರು. ಈ ವರ್ಷದ ವರದಿಯಲ್ಲಿ ಲಾಭ ಕಂಡರೆ ಸಾಕು.

ಸಂಘದ ತುಳಸವ್ವ ದಂಡೆಯಲ್ಲಿ ಹುರಿದ ಶೇಂಗಾ ಮಾರುವವಳು. ಅವಳು ಕಾಶವ್ವನ ಕೈ ಹಿಡಿದು ಹೇಳಿ ಹೋಗಿದ್ದಳು.

"ನಮಗ ಓದಾಕ ಬರೂದಿಲ್ಲ ಯವ್ವಾ. ನೀ ಬರದದ್ದು ಅಂದ್ರ ನಾವು ಹಾಕತೀವಿ."

ಮಾರ್ಚ್ ತಿಂಗಳ ಕೊನೆಯ ದಿನ ಕಾಶವ್ವ ಲೆಕ್ಕದ ಹಾಳೆಗಳನ್ನು ಅಜ್ಜಾರ ಮುಂದಿಟ್ಟಳು. ಮರುದಿನ ಸಭೆ.

ಅಜ್ಜಾರು ಓದಿದರು. ಲಾಭ ಒಂದು ಲಕ್ಷ ಹತ್ತು ಸಾವಿರ. ಈ ವರ್ಷದ ಪಾಲು ಕಳೆದಿಲ್ಲ. ಹೊಳೆ ದಾಟಿಸುವ ಹಕ್ಕು ಐದು ಲಕ್ಷ, ಹೋದ ವರ್ಷ ಇದ್ದಷ್ಟೇ.

ಜಗಲಿಯ ಮೇಲೆ ಕಲ್ಲುಗಳೂ ಐದೇ ಇದ್ದವು.

"ಈ ವರ್ಷದ್ದು ಬಿಟ್ಟಿಲ್ಲಲ್ಲ ಕಾಶವ್ವ."

ನೆರೆ ಬಂದ ವರ್ಷ ದೋಣಿ ಪೂರ್ತಿ ನಡೆದಿಲ್ಲ, ಅದಕ್ಕೆ ಕಳೆಯಲಿಲ್ಲ ಎಂದಳು. ದೋಣಿ ನಿಂತರೂ ವರ್ಷ ನಿಲ್ಲುವುದಿಲ್ಲ ಎಂಬುದನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅಜ್ಜಾರು ಹಾಳೆ ಮಡಚಿದರು.

"ನನ್ನ ಆಚೆ ದಡಕ್ಕ ಬಿಟ್ಟು ಬಾ."

"ಯಮನಪ್ಪ ಅದಾನ್ರಿ."

"ಹುಟ್ಟು ಅವ ಹಾಕಲಿ. ನೀನೂ ಬಾ."

ಅವಳು ಹಿಂದೆ ಹಿಂದೆ ಹೋದಳು. ದಂಡೆಯಲ್ಲಿ ಒಮ್ಮೆ ನಿಂತಳು. ಅಜ್ಜಾರು ಮೊದಲೇ ಹತ್ತಿ ಕೂತು, ಅವಳ ಕಡೆ ನೋಡದೆ ನೀರು ನೋಡುತ್ತಿದ್ದರು. ಅವಳು ಹತ್ತಿದಳು. ಹಲಗೆಯೊಂದರ ಮೇಲೆ ದ್ಯಾಮಣ್ಣ ಉಳಿಯಿಂದ ಕೊರೆದ ಮೀನು ಇತ್ತು. ಅದರ ಮೇಲೆ ಕಾಲಿಡದಂತೆ ಸರಿದು ಕೂತಳು.

ನಡುಹೊಳೆಯಲ್ಲಿ ಯಮನಪ್ಪ ಹುಟ್ಟು ನಿಲ್ಲಿಸಿದ. ಅವನಿಗೂ ಪದ್ಧತಿ ಗೊತ್ತಿತ್ತು.

"ಸೆರಗು ಹಿಡಿ," ಎಂದರು ಅಜ್ಜಾರು.

ಕಾಶವ್ವ ಅವರ ಮುಖ ನೋಡಿದಳು. ಶ್ರಾವಣದಿಂದ ಈಚೆಗೆ ಅವಳ ಉಡಿಯಲ್ಲಿ ಯಾರೂ ಏನೂ ಹಾಕಿರಲಿಲ್ಲ. ಹಾಕುವಂತಿರಲಿಲ್ಲ. ಯಮನಪ್ಪ ಮುಖ ತಿರುಗಿಸಿಕೊಂಡ.

ಅವಳು ಸೆರಗು ಹಿಡಿದಳು. ಅಜ್ಜಾರು ಜಗಲಿಯಿಂದ ಎತ್ತಿಕೊಂಡು ಬಂದಿದ್ದ ಐದೂ ಕಲ್ಲನ್ನು ಕಾವಿಯ ಮಡಿಲಿನಿಂದ ತೆಗೆದು, ಒಂದೊಂದಾಗಿ ಅವಳ ಉಡಿಯಲ್ಲಿ ಹಾಕಿದರು. ಬಿಸಿಲಿಗೆ ಕಾದ ಕಲ್ಲುಗಳು ಬೆಚ್ಚಗಿದ್ದವು.

"ಈ ವರ್ಷದ್ದು ಮೊದಲ ಬಿಡು."

ಅವಳು ಒಂದನ್ನು ತೆಗೆದು ನೀರಿಗೆ ಬಿಟ್ಟಳು. ಅದು ಮುಳುಗಿತು. ಮೀನಿನ ಮಾತು ಆಡುವವರು ಯಾರೂ ಇರಲಿಲ್ಲ.

ಅಜ್ಜಾರು ತಲೆ ಎತ್ತಿ ಸೇತುವೆ ನೋಡಿದರು. ಕಟಕಟೆಗೆ ಬಣ್ಣ ಬಳಿಯುತ್ತಿದ್ದರು. ಇನ್ನೂ ಬಿಡದಿದ್ದರೂ ಹಾಲಿನವನೊಬ್ಬ ಸೈಕಲ್ಲು ತಳ್ಳಿಕೊಂಡು ಮೇಲೆ ದಾಟುತ್ತಿದ್ದ.

"ಮುಂದಿನ ವಾರ ಈ ದೋಣಿ ಯಾರು ಹತ್ತತಾರ ಕಾಶವ್ವ?"

"ಯಾರೂ ಹತ್ತೂದಿಲ್ರಿ."

"ಹಂಗಾರ ಉಳಿದ ನಾಕು?"

ಅವಳು ಸೆರಗು ಬಿಗಿಯಾಗಿ ಹಿಡಿದಳು.

"ವರ್ಷಕ್ಕೊಂದು ಬಿಡತೀನ್ರಿ ಅಜ್ಜಾರ. ನೀವ ಹಾಕಿಕೊಟ್ಟ ಪದ್ಧತಿ. ನಾಕು ವರ್ಷ ತಡೀರಿ. ಇವೆಲ್ಲಾ ಒಮ್ಮೆಲೇ ಬಿಟ್ರ ಕಂಪನಿ ಲುಕ್ಸಾನದಾಗ ಹೋಗತೈತಿ. ನಾಳೆ ಸಭಾದಾಗ ಮುಚ್ಚಿಬಿಡ್ರಿ ಅಂತಾರ. ದೋಣಿ ಮಾರತಾರ. ಅವ ಕಟ್ಟಿದ್ದ ದೋಣಿ."

ಅಜ್ಜಾರು ಅವಳನ್ನು ಮಾತು ಮುಗಿಸಲು ಬಿಟ್ಟರು. ಯಮನಪ್ಪ ದೋಣಿ ಹರಿವಿಗೆ ಹೋಗದಂತೆ ಹುಟ್ಟನ್ನು ಒತ್ತಿ ಹಿಡಿದಿದ್ದ.

"ಸವೆಯೋದನ್ನ ಸವೆದಷ್ಟು ಕಳಿಯೋದು ಪದ್ಧತಿ," ಎಂದರು. "ಇದು ಸವೆದಿಲ್ಲ ತಂಗಿ. ಹೋಗೇತಿ. ಹೋದದ್ದನ್ನ ನಾಕು ವರ್ಷ ಐತಿ ಅಂತ ಬರದ್ರ, ಆ ನಾಕು ವರ್ಷ ತುಳಸವ್ವನ ರೊಕ್ಕ ಎಲ್ಲಿರತೈತಿ?"

ಶೇಂಗಾದ ಬುಟ್ಟಿ ಹೊತ್ತು ಹೊತ್ತು ತುಳಸವ್ವನ ನೆತ್ತಿಯ ಕೂದಲು ಉದುರಿದ್ದು ಕಾಶವ್ವನಿಗೆ ಗೊತ್ತಿತ್ತು. ತುಳಸವ್ವ ಕೂಡಿಟ್ಟ ಹಣ ಆ ಬುಟ್ಟಿಯಿಂದ ಬಂದದ್ದು.

ಕಾಶವ್ವ ದೋಣಿಯ ಅಂಚಿಗೆ ಸರಿದು ಸೆರಗು ಬಿಟ್ಟಳು. ನಾಲ್ಕೂ ಕಲ್ಲು ಒಟ್ಟಿಗೆ ಬಿದ್ದವು. ನೀರು ಅವಳ ಮುಖಕ್ಕೆ ಹಾರಿತು. ಅವಳು ಒರೆಸಿಕೊಳ್ಳಲಿಲ್ಲ.

ಯಮನಪ್ಪ ದೋಣಿಯನ್ನು ಬಂದ ದಡಕ್ಕೇ ತಿರುಗಿಸಿದ. ಅಜ್ಜಾರಿಗೆ ಆಚೆ ದಡದಲ್ಲಿ ಕೆಲಸವೇನೂ ಇರಲಿಲ್ಲ.

ಅಂದು ಸಂಜೆಯೇ ಅವಳು ಹಾಳೆಗಳನ್ನು ಹೊಸದಾಗಿ ಬರೆದಳು. ಈ ವರ್ಷದ ಪಾಲು ಒಂದು ಲಕ್ಷ ಕಳೆದಳು. ಸೇತುವೆಯಿಂದ ಬೆಲೆ ಕಳೆದುಕೊಂಡ ಹಕ್ಕು ಎಂದು ಬೇರೆ ಸಾಲಿನಲ್ಲಿ ನಾಲ್ಕು ಲಕ್ಷ ಕಳೆದಳು. ಕೆಳಗೆ ಲುಕ್ಸಾನು ಬಂತು. ಹಕ್ಕಿನ ಮುಂದೆ ಸೊನ್ನೆ ಬಂತು. ಸೊನ್ನೆಯನ್ನೂ ದುಂಡಗೆ ಬರೆದಳು.

ಮರುದಿನ ಮಠದ ಅಂಗಳದಲ್ಲಿ ಸಭೆ ಕೂಡಿತು. ಅವಳು ನಿಂತು ಓದಿದಳು.

ಗದ್ದಲವಾಯಿತು. ದುಡ್ಡು ಹೊರಗೆ ಹೋಗಿಲ್ಲ, ಲುಕ್ಸಾನು ಎಲ್ಲಿಂದ ಬಂತು ಎಂದು ಕೆಲವರು ಕೇಳಿದರು. ಖಾಲಿ ಜಗಲಿ ನೋಡಿದವರು ಕೇಳಲಿಲ್ಲ. ಮೋಟಾರು ದೋಣಿಯ ಚಿತ್ರವನ್ನು ಜೇಬಿನಲ್ಲಿಟ್ಟುಕೊಂಡು ಬಂದಿದ್ದ ರಾಚಪ್ಪನವರು ಅದನ್ನು ಹೊರಗೆ ತೆಗೆಯಲೇ ಇಲ್ಲ.

"ಗಂಡನ್ನ ಹೊಳಿ ಮುಳುಗಿಸ್ತು. ಕಂಪನಿನ ಹೇಣ್ತಿ ಮುಳುಗಿಸಿದಳು," ಎಂದರು.

ಆಮೇಲೆ ರಾಚಪ್ಪನವರಿಗೂ ತಾವು ಆಡಿದ್ದು ಕೇಳಿಸಿತು. ಅವರು ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡು ಕೂತುಬಿಟ್ಟರು.

ಕಾಶವ್ವ ಮುಂದಿನ ಸಾಲು ಓದಿದಳು. ವರ್ಷ ವರ್ಷ ಕಳೆದು ಹಂಚದೆ ಬ್ಯಾಂಕಿನಲ್ಲಿ ಉಳಿಸಿದ್ದು ಎಂಟು ಲಕ್ಷ. ಅದರಲ್ಲಿ ಯಮನಪ್ಪನಿಗೂ ಇನ್ನೊಬ್ಬ ಅಂಬಿಗನಿಗೂ ಬೇರೆ ಕೆಲಸ ಸಿಗುವವರೆಗಿನ ಕೂಲಿ ಕೊಟ್ಟು, ಮಿಕ್ಕಿದ್ದನ್ನು ಶೇರಿನ ಪ್ರಕಾರ ತಿರುಗಿ ಕೊಡಬಹುದು. ಹಾಕಿದ್ದಷ್ಟು ಬರುವುದಿಲ್ಲ. ಬರಿಗೈಯೂ ಆಗುವುದಿಲ್ಲ.

ಜನ ಕೈ ಎತ್ತಿ ಒಪ್ಪಿದರು. ಕಂಪನಿ ಮುಚ್ಚಿತು.

ತುಳಸವ್ವ ಹಣದ ಗಂಟನ್ನು ಬಿಚ್ಚದೆ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಹೋಗುವಾಗ ಕಾಶವ್ವನ ಹತ್ತಿರ ಬಂದು ನಿಂತಳು. ಒಂದು ಹಿಡಿ ಶೇಂಗಾವನ್ನು ಅವಳ ಕೈಯಲ್ಲಿಟ್ಟು, ಆ ಕೈಯನ್ನು ತಾನೇ ಮಡಚಿ ಹೋದಳು. ಅವಳು ಸೇತುವೆಯ ಮೇಲೆ ಹಾಯ್ದು ಹೋಗುವುದು ಮಠದಿಂದ ಕಾಣುತ್ತಿತ್ತು.

ದೋಣಿಯನ್ನು ಕೆಳಗಿನ ಊರಿನ ಮೀನುಗಾರರು ಕೊಂಡರು. ಒಯ್ಯಲು ಬಂದ ದಿನ ಒಂದು ಹುಟ್ಟು ಕಡಿಮೆ ಇದೆಯಲ್ಲ ಎಂದರು. ಹೊಸದು ಮಾಡಿಸಿಕೊಳ್ಳಿರಿ ಎಂದು ಕಾಶವ್ವ ತನ್ನ ಕೈಯಿಂದ ಅದರ ಬೆಲೆ ಕೊಟ್ಟಳು. ದೋಣಿ ತಿರುವು ದಾಟುವವರೆಗೆ ಅವಳು ದಂಡೆಯಲ್ಲಿ ನಿಂತಿದ್ದಳು.

ಮಳೆಗಾಲ ಬಂತು. ಮತ್ತೆ ಶ್ರಾವಣ ಬಂತು. ಈ ಸಲ ಹೊಳೆ ದಂಡೆ ಮೀರಲಿಲ್ಲ.

ದ್ಯಾಮಣ್ಣ ಹೋಗಿ ವರ್ಷ ತುಂಬಿದ ದಿನ ಕಾಶವ್ವ ಮಠಕ್ಕೆ ಬಂದಳು. ಕೈಯಲ್ಲಿ ಹುಟ್ಟು ಇತ್ತು. ಹಿಡಿಯ ಜಾಗದಲ್ಲಿ ಮರ ಸವೆದು, ದೊಡ್ಡ ಅಂಗೈಯೊಂದರ ಅಚ್ಚು ಬಿದ್ದಿತ್ತು. ಅವಳ ಕೈ ಅದರಲ್ಲಿ ತುಂಬುತ್ತಿರಲಿಲ್ಲ.

ಅವಳು ಅದನ್ನು ಜಗಲಿಯ ಮೇಲೆ, ಕಲ್ಲುಗಳು ಇದ್ದ ಕಡೆ ಇಟ್ಟಳು.

ತವರಿನವರು ಬಂದು ಹೇಳಿದ್ದರು. ವರ್ಷವಾಯಿತು, ಇನ್ನು ಸಾಕು. ನೆರೆಯವರು ಹೇಳಿದ್ದರು. ಎರಡು ವರ್ಷ ಹೋಗಲಿ, ತಾನೇ ಕಡಿಮೆಯಾಗುತ್ತದೆ. ಒಬ್ಬೊಬ್ಬರು ಒಂದೊಂದು ಅವಧಿ ಹೇಳಿದ್ದರು.

"ಕಂಪನಿದು ಒಂದ ದಿನದಾಗ ಬಿಡಿಸಿದ್ರಿ," ಎಂದಳು. "ಅದು ಸರಿ ಇತ್ರಿ. ನನ್ನ ಕೈಲೆ ಇದು ಬಿಡಾಕ ಆಗವಲ್ದು. ಒಮ್ಮೆಲೇನೂ ಆಗವಲ್ದು, ವರ್ಷಕ್ಕಿಷ್ಟು ಅಂತ ಸ್ವಲ್ಪ ಸ್ವಲ್ಪನೂ ಆಗವಲ್ದು. ಹೋದ ವರ್ಷ ಎಷ್ಟಿತ್ತೋ ಅಷ್ಟ ಐತ್ರಿ. ಇದಕ್ಕ ಎಷ್ಟು ವರ್ಷ ಹಾಕಲ್ರಿ ಅಜ್ಜಾರ?"

ಅಜ್ಜಾರು ಹುಟ್ಟನ್ನು ನೋಡಿದರು. ಮುಟ್ಟಲಿಲ್ಲ.

ಎದ್ದು ತಮ್ಮ ಕೋಣೆಗೆ ಹೋದರು. ಯಾವ ಶಿಷ್ಯರೂ ಒಳಗೆ ಕಾಲಿಡದ ಆ ಕೋಣೆಯ ಬಾಗಿಲನ್ನು ಪೂರ್ತಿ ತೆರೆದಿಟ್ಟರು. ಹೊಸ್ತಿಲಾಚೆ ಗೋಡೆಯ ಗೂಡೊಂದು ಕಾಣುತ್ತಿತ್ತು. ಗೂಡಿನಲ್ಲಿ ಮಗುವಿನ ಒಂದು ಜೊತೆ ಬೆಳ್ಳಿ ಕಾಲ್ಗಡಗ. ಕಪ್ಪಾಗಿರಲಿಲ್ಲ.

ಕಾಶವ್ವ ಅವನ್ನು ನೋಡಿದಳು. ಆಮೇಲೆ ಅಜ್ಜಾರ ಬಿಳಿಯ ಗಡ್ಡ ನೋಡಿದಳು. ಎಷ್ಟು ವರ್ಷವಾಯಿತೆಂದು ಕೇಳಲಿಲ್ಲ.

ಅಜ್ಜಾರು ಹೊರಗೆ ಬಂದು ಅವಳ ಪಕ್ಕದಲ್ಲಿ ಕೂತರು. ಹೆಗಲ ಮೇಲಿನ ವಸ್ತ್ರ ತೆಗೆದು ಅವಳ ಕೈಗೆ ಕೊಟ್ಟರು.

"ವರ್ಷ ಹಾಕಬ್ಯಾಡ ತಂಗಿ. ವರ್ಷಕ್ಕೊಮ್ಮೆ ತಗದು ನೋಡು. ಇನ್ನೂ ಐತಿ ಅಂದ್ರ, ಒರಸಿ ಮತ್ತ ಅಲ್ಲೇ ಇಡು."